ಮಸಿಯಜ್ಜಿಗೆ ದನಿ ಕೊಟ್ಟ ನಂದೊಳ್ಳಿಯ ಸುಬ್ಬಿ

ನಂದೊಳ್ಳಿಯ ಸುಬ್ಬಿ ಸಂಜೆ ಹೊತ್ತು ಎಮ್ಮೆ ಕರೆಯಲು ಕೂಗಿದರೆ, ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಹೊರಟು ನಿಂತ ಹುಬ್ಬಳ್ಳಿ ಬಸ್ಸು ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು ಎಂದು ನಂಬಿದವರಿದ್ದಾರೆ. ಕಾಡಿನ ಗಾರ್ಡೊಬ್ಬ ಆ ಕೂಗು ಕೇಳಿ, ಲಾಠಿಯನ್ನು ಮರಕ್ಕೆ ಒರಗಿಸಿಟ್ಟು, ಸೀದಾ ಹಾವೇರಿ ಕಡೆಯ ತನ್ನ ಊರಿಗೆ ಹೋಗಿ ಅವ್ವನ ಕೈಯ ರೊಟ್ಟಿ ತಿಂದು ಮರುದಿನ ಮರಳಿದನಂತೆ. ಏಕೆ ಹೋದೆಯೆಂದು ಮೇಲಿನವರು ಕೇಳಿದಾಗ, "ಕರದ್ರಲ್ರೀ ಸಾಹೇಬ್ರ" ಅಂದನಂತೆ. ಹಿಂದೊಮ್ಮೆ ಸುಬ್ಬಿಗೆ ಗಂಟಲು ಕಟ್ಟಿದ್ದಾಗ ಊರಿನಲ್ಲಿ ಸಂಜೆಯೇ ಆಗಲಿಲ್ಲವೆಂದೂ, ಸೂರ್ಯ ಗುಡ್ಡದ ಮೇಲೆ ಅಪ್ಪಣೆಗೆ ಕಾಯುವವನಂತೆ ನಿಂತೇ ಇದ್ದನೆಂದೂ ಹೇಳುವವರುಂಟು. ಅವರು ಸಾಮಾನ್ಯವಾಗಿ ನೆರೆಮನೆಯ ವೆಂಕಟ್ರಮಣ.

ಕೂಗುವ ಕ್ರಮವೂ ಸಾಮಾನ್ಯದ್ದಾಗಿರಲಿಲ್ಲ. ಕೊಟ್ಟಿಗೆಯ ಹಿಂದಿನ ಬಂಡೆ ಹತ್ತಬೇಕು, ಎಡಗಿವಿಯನ್ನು ಅಂಗೈಯಿಂದ ಮುಚ್ಚಬೇಕು, ಕಣ್ಣನ್ನೂ ಮುಚ್ಚಬೇಕು. ಆಮೇಲೆ ಹೊಟ್ಟೆಯ ಯಾವುದೋ ಮೂಲೆಯಿಂದ ಹೊರಟ ದನಿ ಏರುತ್ತ ಏರುತ್ತ, ಇನ್ನೇನು ಹರಿದೇ ಹೋಯಿತು ಅನ್ನುವಲ್ಲಿ ಕೊಕ್ಕೆಯಂತೆ ಬಗ್ಗುತ್ತಿತ್ತು. ಅದರಲ್ಲಿ ಪದವಿಲ್ಲ, ಹೆಸರಿಲ್ಲ. ನಂದೊಳ್ಳಿಯ ದನಗಳು ಬೆಳಿಗ್ಗೆ ತಾವೇ ಕಾಡಿಗೆ ಹೋಗಿ ಸಂಜೆ ತಾವೇ ಬರುವಂಥವು, ಕಾಯುವವರಿಲ್ಲ. ಹೊತ್ತು ಮೀರಿದರೆ ಒಂದೊಂದು ಮನೆಯವರು ತಮ್ಮ ತಮ್ಮ ಕೂಗು ಹಾಕುವುದು ರೂಢಿ. ಸುಬ್ಬಿಯ ಕೊಕ್ಕೆಗೆ ಮಾತ್ರ ಎಲ್ಲರ ಮನೆಯವೂ ಸಿಕ್ಕಿಕೊಂಡು ಬರುತ್ತಿದ್ದುದರಿಂದ, ಉಳಿದವರು ಕೂಗುವುದನ್ನೇ ಬಿಟ್ಟು ಆ ಹೊತ್ತಿಗೆ ಚಹಾ ಕುಡಿಯತೊಡಗಿದ್ದರು.

ಇಂಥ ಸುಬ್ಬಿಗೆ ಆ ವರ್ಷ ದೀಪಾವಳಿ ಕಳೆದ ಮೇಲೆ ಸೋಲಾಯಿತು. ಅವಳ ಚಂದ್ರಿ, ಹಣೆಯ ಮೇಲೆ ಬಿಳಿ ಬೊಟ್ಟಿದ್ದ ತುಂಬು ಗಬ್ಬದ ಎಮ್ಮೆ, ಕಾಡಿಗೆ ಹೋದದ್ದು ಬರಲಿಲ್ಲ. ಸುಬ್ಬಿ ಕೂಗಿದಳು. ಊರಿನ ಎಮ್ಮೆಗಳೆಲ್ಲ ಬಂದವು, ಚಂದ್ರಿ ಬರಲಿಲ್ಲ. ಮರುಸಂಜೆಯೂ ಬರಲಿಲ್ಲ. ಊರಿನವರು ಗುಡ್ಡ ಹತ್ತಿ ಹುಡುಕಿದರು. ಸತ್ತ ಗುರುತಿಲ್ಲ, ಎಳೆದೊಯ್ದ ಗುರುತಿಲ್ಲ. ಚಂದ್ರಿಯ ಕೊರಳಲ್ಲಿ ಸುಬ್ಬಿಯೇ ಕಟ್ಟಿದ ಮರದ ಗಂಟೆಯಿತ್ತು. ಅದರ 'ಟೊಕ್ ಟೊಕ್' ಎಲ್ಲಿಯೂ ಕೇಳಿಸಲಿಲ್ಲ. ಸಿದ್ದಾಪುರದ ಘಟ್ಟದಲ್ಲಿ ಬಿಳಿ ಬೊಟ್ಟಿನ ಎಮ್ಮೆ ಕಂಡಿತೆಂದು ಒಬ್ಬರು, ಗುಡ್ನಾಪುರದ ಕೆರೆಯಲ್ಲಿ ಬರೀ ಮೂಗು ಮಾತ್ರ ತೇಲುತ್ತಿತ್ತೆಂದು ಇನ್ನೊಬ್ಬರು ಸುದ್ದಿ ತಂದರು. ಸುಬ್ಬಿ ಎಲ್ಲವನ್ನೂ ಕೇಳಿಕೊಂಡು, ಉಳಿದ ಎಮ್ಮೆಗಳನ್ನು ಒಳಗೆ ಕಟ್ಟಿದ ಮೇಲೂ ದಿನಾ ಮತ್ತೊಮ್ಮೆ ಬಂಡೆ ಹತ್ತಿ ಕೂಗುತ್ತಿದ್ದಳು. ಬರುವುದಕ್ಕೆ ಯಾರೂ ಉಳಿದಿಲ್ಲದ ಆ ಎರಡನೆಯ ಕೂಗು ಊರಿನವರಿಗೆ ಸೇರುತ್ತಿರಲಿಲ್ಲ. ಜನ ಕಿಟಕಿ ಹಾಕಿಕೊಳ್ಳುತ್ತಿದ್ದರು.

ಆ ಎರಡನೆಯ ಕೂಗನ್ನು ಕೇಳಿದವನು ಅವಳ ಅಣ್ಣನ ಮಗ ಸುನೀಲ. ಅವನಿಗೆ ಶಿರಸಿಯಲ್ಲಿ ಸಣ್ಣದೊಂದು ಧ್ವನಿಮುದ್ರಣದ ಕೋಣೆಯಿತ್ತು. ಭಜನೆ, ಬ್ಯಾಂಕಿನ ಜಾಹೀರಾತು, ಚುನಾವಣೆ ಬಂದಾಗ ಎಲ್ಲ ಪಕ್ಷಗಳ ಹಾಡು. ಈಗ ಅವನ ಕೈಗೆ ದೊಡ್ಡ ಕೆಲಸ ಸಿಕ್ಕಿತ್ತು: 'ಕಿರುಹಳಿಯ ಗೆಳೆಯರು' ಎಂಬ ಮಕ್ಕಳ ಟಿವಿ ಧಾರಾವಾಹಿಗೆ ಕನ್ನಡದ ದನಿ ಕೂರಿಸುವುದು. ಯಾವುದೋ ಮಂಜಿನ ದೇಶದ ಬೆಟ್ಟದಲ್ಲಿ, ಎರಡು ಹಳಿಗಳ ನಡುವೆ ಒಂದು ಎಮ್ಮೆ ಮಲಗುವಷ್ಟೂ ಜಾಗವಿಲ್ಲದ ಕಿರುದಾರಿಯಲ್ಲಿ ಓಡುವ ಪುಟ್ಟ ಉಗಿ ಇಂಜಿನುಗಳು. ಎಲ್ಲಕ್ಕೂ ಮುಖವಿದೆ, ಎಲ್ಲವೂ ಮಾತಾಡುತ್ತವೆ, ಜಗಳವಾಡುತ್ತವೆ. ಅವುಗಳಲ್ಲಿ ಹಿರಿಯಳು ಮಸಿಯಜ್ಜಿ. ಮಂಜಿನಲ್ಲಿ ದಾರಿ ತಪ್ಪಿದ ಮರಿ ಇಂಜಿನುಗಳನ್ನು ಸೀಟಿ ಹಾಕಿ ಮನೆಗೆ ಕರೆಯುವುದು ಅವಳ ಕೆಲಸ.

ತೊಂದರೆ ಆ ಸೀಟಿಯದೇ. ಕಳಿಸಿದವರು ಮಸಿಯಜ್ಜಿಯ ಮಾತನ್ನೂ ಸೀಟಿಯನ್ನೂ ಬೆರೆಸಿ ಕಳಿಸಿದ್ದರು. ಪರಭಾಷೆಯ ಮಾತು ತೆಗೆದರೆ ಸೀಟಿಯೂ ಜೊತೆಗೆ ಹೋಗುತ್ತಿತ್ತು. ಹೊಸ ಸೀಟಿ ಹಿಡಿಯೋಣವೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಿಗೆ ರೈಲು ಬಂದದ್ದು ಮನವಿಪತ್ರಗಳಲ್ಲಿ ಮಾತ್ರ. ಮೊಬೈಲಿನಲ್ಲಿ ಹುಡುಕಿದ ಸೀಟಿಗಳೆಲ್ಲ ಸುನೀಲನಿಗೆ ಕುಕ್ಕರಿನಂತೆ ಕೇಳಿಸಿದವು. ಅಂಥದ್ದರಲ್ಲಿ ಒಂದು ಸಂಜೆ ಅತ್ತೆಯ ಅಂಗಳದಲ್ಲಿ ನಿಂತಿದ್ದಾಗ ಆ ಎರಡನೆಯ ಕೂಗು ಕೇಳಿಸಿತು. ಕಳೆದುಹೋದದ್ದನ್ನು ಕರೆಯುವ ದನಿ ಇದ್ದರೆ ಹೀಗಿರಬೇಕು.

"ಅತ್ತೆ, ನೀನು ಟಿವಿಗೆ ಕೂಗ್ಬೇಕು," ಅಂದ.

"ಟಿವಿಲಿ ಎಂತಕ್ಕೆ? ನನ್ನ ಎಮ್ಮೆ ಟಿವಿ ನೋಡ್ತದ?"

"ನೀನು ಒಂದು ರೈಲು. ಅಜ್ಜಿ ರೈಲು."

"ಅಜ್ಜಿ ಹೌದು. ರೈಲು ನಾ ಕಂಡದ್ದೇ ಇಲ್ಲ." ಸುಬ್ಬಿ ಗುಡ್ಡದ ಕಡೆ ತಿರುಗಿ ಕೇಳಿದಳು: "ಅದು ಎಲ್ಲೆಲ್ಲಿ ಕೇಳ್ತದೆ?"

"ಇಡೀ ರಾಜ್ಯಕ್ಕೆ ಕೇಳ್ತದೆ."

"ಕಾಡಿಗೆ?"

"ಕಾಡಲ್ಲಿ ಟಿವಿ ಎಲ್ಲದೆ ಅತ್ತೆ?"

"ಕಾಡಿನ ಅಂಚಿಗೆಲ್ಲ ಮನೆ ಅದೆಯಲ. ಮನೇಲಿ ಟಿವಿ ಅದೆಯಲ. ನನ್ನ ಗಂಟಲು ಬೇಡ್ತಿ ಹೊಳೆ ತಂಕ ಹೋಗೂದಿಲ್ಲ. ಅದು ಹೋಗ್ತದೆ." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಡಿ. ಯಾವಾಗ ಬರ್ಬೇಕು?"

ಹೀಗೆ ಸುಬ್ಬಿ ಶಿರಸಿಗೆ ಬಂದು, ಗೋಡೆಗೆಲ್ಲ ಹಾಸಿಗೆಯಂಥದನ್ನು ಬಡಿದ ಕೋಣೆಯಲ್ಲಿ ಕುಳಿತಳು. ಎದುರಿನ ಪರದೆಯ ಮೇಲೆ ಮಸಿಯಜ್ಜಿ ಬಂದಳು. ದನಿ ತೆಗೆದ ಮುಖ, ಬರೀ ಬಾಯಿ ಆಡಿಸುತ್ತಿತ್ತು. ಕುತ್ತಿಗೆಯಿಲ್ಲ, ಕಿವಿಯಿಲ್ಲ, ಕರಿಯ ಕಬ್ಬಿಣದ ಹೊಟ್ಟೆಗೆ ನೇರ ಅಂಟಿಸಿದ ಬೂದು ಮುಖ, ಅದರಲ್ಲಿ ಎಡಕ್ಕೂ ಬಲಕ್ಕೂ ಹೊರಳುವ ಎರಡು ಕಣ್ಣು. ಸುಬ್ಬಿ ಎದ್ದು ಪರದೆಯ ಹಿಂದೆ ಹೋಗಿ ನೋಡಿ ಬಂದಳು.

"ಇದರ ಜೀವ ಎಲ್ಲದೆ?"

"ನೀನೇ ಹಾಕ್ಬೇಕು ಅತ್ತೆ, ಅದಕ್ಕೇ ಕರ್ಕಂಡು ಬಂದದ್ದು."

ಮಾತುಗಳನ್ನು ಸುನೀಲ ಕಿವಿಯಲ್ಲಿ ಹೇಳಿಕೊಟ್ಟಂತೆ ಸುಬ್ಬಿ ಹೇಳಿದಳು. ಬರೆದದ್ದನ್ನು ಬಿಟ್ಟು ತನಗೆ ತೋಚಿದ್ದನ್ನೂ ಹೇಳಿದಳು. ತುಂಟ ಮರಿ ಇಂಜಿನಿಗೆ ಮಸಿಯಜ್ಜಿ ಗಂಭೀರವಾಗಿ ಬುದ್ಧಿ ಹೇಳುವ ಕಡೆ, "ಕತ್ತಲಾತು, ಮನೆಗೆ ಬಾರಾ ಹಡಬೆ" ಅಂದುಬಿಟ್ಟಳು. ಸುನೀಲ 'ಹಡಬೆ' ತೆಗೆದು ಉಳಿದದ್ದನ್ನು ಇಟ್ಟುಕೊಂಡ. ಆದರೆ ಸೀಟಿ ಬರಲಿಲ್ಲ. ಕಿವಿ ಮುಚ್ಚಿ, ಕಣ್ಣು ಮುಚ್ಚಿ ಕೂಗಿದರೆ, ದನಿ ಬಾಯಿಂದ ಹೊರಟಲ್ಲೇ ಸತ್ತು ಬೀಳುತ್ತಿತ್ತು.

"ಗುಡ್ಡ ತಿರುಗಿ ಕೂಗ್ಬೇಕು. ಈ ಗೋಡೆ ನುಂಗ್ತದೆ. ನುಂಗಿ ಸುಮ್ನೆ ಕೂರ್ತದೆ," ಅಂದ ಸುಬ್ಬಿಗೆ ಆ ಕೋಣೆಯಲ್ಲಿ ಮೊದಲ ಬಾರಿ ಹೆದರಿಕೆಯಾಯಿತು.

ಕೊನೆಗೆ ಯಂತ್ರವೇ ನಂದೊಳ್ಳಿಗೆ ಬಂತು. ಸೂರ್ಯ ಮುಳುಗುವ ಹೊತ್ತಿಗೆ ಸುಬ್ಬಿ ಬಂಡೆ ಹತ್ತಿ ತನ್ನ ಎರಡನೆಯ ಕೂಗು ಕೂಗಿದಳು. ಗುಡ್ಡ ಅದನ್ನು ಹಿಡಿದು, ಒಂದು ಗಳಿಗೆ ಇಟ್ಟುಕೊಂಡು, ತಿರುಗಿ ಕೊಟ್ಟಿತು. ಆಮೇಲೆ ಎಲ್ಲ ಸ್ತಬ್ಧ. ಸುನೀಲ ಸಂತೋಷದಿಂದ ಹೋಗಿ, ಶಿರಸಿಯ ಕೋಣೆಯಲ್ಲಿ ಕೇಳಿ ನೋಡಿದ. ಕೂಗು ಇತ್ತು, ಗುಡ್ಡದ ಮಾರುತ್ತರ ಇತ್ತು. ಅದರ ಹಿಂದೆ, ಬಲು ದೂರದಿಂದ, ಇನ್ನೇನೋ ಇತ್ತು. ಟೊಕ್. ಟೊಕ್ ಟೊಕ್.

ಬಂಡೆಯ ಹತ್ತಿರ ನಿಂತಿದ್ದ ಯಾರಿಗೂ ಅದು ಕೇಳಿಸಿರಲಿಲ್ಲ. ಮರಕುಟಿಗವಿರಬೇಕೆಂದು ಸುನೀಲ ತನಗೆ ತಾನೇ ಹೇಳಿಕೊಂಡ. ಹಳಿಯ ಮೇಲೆ ಚಕ್ರ ಬಡಿದಂತಿದೆ, ಚಂದವೇ ಆಯಿತು ಎಂದು ಹಾಗೆಯೇ ಬಿಟ್ಟ. ಬೆಂಗಳೂರಿನ ಚಾನೆಲ್ಲಿನವರು ಮೆಚ್ಚಿ, ಇದು ಯಾವ ಬೆಟ್ಟದ ರೈಲಿನ ಸೀಟಿ ಎಂದು ಕೇಳಿದರು. ಯಲ್ಲಾಪುರ ಲೈನಿನದು ಎಂದು ಸುನೀಲ ಉತ್ತರಿಸಿದ. ಇಲ್ಲದ ಲೈನಿಗೆ ಸಿಕ್ಕ ಮೊದಲ ಪ್ರಶಂಸೆ ಅದು.

ಧಾರಾವಾಹಿ ಶುರುವಾದ ಸಂಜೆ ನಂದೊಳ್ಳಿಯ ಮನೆಮನೆಯ ಟಿವಿಯೂ ಹೊತ್ತಿಕೊಂಡಿತು. ಸುಬ್ಬಿ ಮಾತ್ರ ಅಂಗಳದಲ್ಲೇ ನಿಂತಳು. ಇಂಜಿನಿನ ಆ ಮುಖವನ್ನು ಮತ್ತೆ ನೋಡುವ ಆಸೆ ಅವಳಿಗಿರಲಿಲ್ಲ. ದನಗಳು ಊರಂಚಿನ ಹುಲ್ಲುಗಾವಲು ಬೇಣದಲ್ಲಿ, ಮನೆಗಳಿಗೆ ಇನ್ನೂ ತುಸು ದೂರದಲ್ಲಿದ್ದವು. ಆಗ ಅವಳ ಕೂಗು ಕೇಳಿಸಿತು. ಮೊದಲು ವೆಂಕಟ್ರಮಣನ ಮನೆಯಿಂದ. ಅದು ಮುಗಿಯುವ ಮೊದಲೇ ಅದರಾಚೆಯ ಮನೆಯಿಂದ. ಆಮೇಲೆ ಕೆಳಗಿನ ಕೇರಿಯಿಂದ. ಒಬ್ಬರ ಮನೆಯ ಡಿಶ್ಶಿಗೂ ಇನ್ನೊಬ್ಬರ ಮನೆಯ ಡಿಶ್ಶಿಗೂ ಒಂದೆರಡು ಉಸಿರಿನ ಅಂತರವಿರುತ್ತದಷ್ಟೆ. ದನಿ ಆ ಅಂತರದಲ್ಲಿ ಒಂದು ಮನೆಯಿಂದ ಹೊರಬಿದ್ದು ಇನ್ನೊಂದಕ್ಕೆ ನುಗ್ಗುತ್ತ ಊರಿನ ನಡುವೆ ಹಾದುಹೋಯಿತು. ಸುಬ್ಬಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ತುಟಿ ಮುಟ್ಟಿ ನೋಡಿಕೊಂಡಳು, ಮುಚ್ಚಿಯೇ ಇತ್ತು. ಮತ್ತೆ, ಪ್ರತಿ ಮನೆಯ ಕೂಗಿನ ಬಾಲಕ್ಕೂ ಅಂಟಿಕೊಂಡು: ಟೊಕ್. ಟೊಕ್ ಟೊಕ್.

ಆ ಗಂಟೆಯನ್ನು ಸುಬ್ಬಿ ಗುರುತಿಸದೆ ಇರುತ್ತಾಳೆಯೆ? ಅದರ ನಾಲಿಗೆ ಒಂದು ಬದಿಗೆ ಮಾತ್ರ ಜೋರಾಗಿ ಬಡಿಯುತ್ತಿತ್ತು. ಯಂತ್ರದಲ್ಲಿ ಕೂಗು ಹಿಡಿದ ಆ ಸಂಜೆ ಚಂದ್ರಿ ಗುಡ್ಡದ ಆಚೆಯೇ ಇತ್ತು. ಕೂಗು ಕೇಳಿ ಬರಬೇಕಿತ್ತು. ಆದರೂ ಬಂದಿರಲಿಲ್ಲ.

ಬೇಣದ ದನಗಳು ತಲೆಯೆತ್ತಿ ಆ ಮನೆಯತ್ತ ನೋಡಿದವು, ಈ ಮನೆಯತ್ತ ನೋಡಿದವು, ಆಮೇಲೆ ಚದುರಿದವು. ಕತ್ತಲಾಗುವಷ್ಟರಲ್ಲಿ ಒಂದೊಂದು ಕಿಟಕಿಯ ಹೊರಗೂ ಒಂದೊಂದು ಎಮ್ಮೆ ಸರಳಿಗೆ ಮೂಗು ತಾಗಿಸಿ ನಿಂತಿತ್ತು. ಯಾವುದೂ ಅರಚಲಿಲ್ಲ, ಮೆಲುಕು ಹಾಕಲಿಲ್ಲ. ಪರದೆಯ ನೀಲಿ ಬೆಳಕು ಅವುಗಳ ಕಣ್ಣಲ್ಲಿ ಅಲುಗುತ್ತಿತ್ತು. ಒಳಗೆ ಮಕ್ಕಳಿಗೆ ಪರಮಾನಂದ. ಮಸಿಯಜ್ಜಿಯನ್ನು ನೋಡಲು ಅವಳ ಬಂಧುಬಳಗವೇ ಬಂದಿದೆ! ದೊಡ್ಡವರು ಮಾತ್ರ ಚಹಾ ಕೆಳಗಿಟ್ಟು ಕಿಟಕಿಯಿಂದ ಹಿಂದೆ ಸರಿದರು.

"ಸುಬ್ಬಕ್ಕಾ," ವೆಂಕಟ್ರಮಣ ಬೇಲಿಯಾಚೆಯಿಂದ ಕೂಗಿದ, "ನಿನ್ನ ಎಮ್ಮೆ ಮೂರೂ ನಮ್ಮನೆ ಟಿವಿ ನೋಡ್ತದೆ. ನಾಳಿಂದ ಹಾಲು ನಾವೇ ಕರ್ಕಳ್ತೇವೆ ಹಾಂ!" ನಗಲು ಹೋದವನು ಅರ್ಧಕ್ಕೇ ನಿಲ್ಲಿಸಿದ. "ಮಾರಾಯ್ತಿ, ತಮಾಷೆ ಅಲ್ಲ. ಕಣ್ಣೇ ಮಿಟುಕಿಸೂದಿಲ್ಲ ಅವು. ಬಂದು ಹೊಡ್ಕಂಡು ಹೋಗು."

ಸುಬ್ಬಿ ಬಂಡೆ ಹತ್ತಿ ನಿಜವಾದ ಕೂಗು ಕೂಗಿದಳು. ಒಂದೂ ಕದಲಲಿಲ್ಲ. ಗೋಡೆಯ ಒಳಗಿನ ಸುಬ್ಬಿ ಕರೆಯುತ್ತಿರುವಾಗ ಬಂಡೆಯ ಮೇಲಿನ ಈ ಮುದುಕಿ ಯಾರೆಂಬಂತೆ ನಿಂತವು. ಅವಳು ಒಂದೊಂದನ್ನೇ ಕಿವಿ ಹಿಡಿದು ಎಳೆತಂದಳು. ಆ ದಿನದಿಂದ ನಂದೊಳ್ಳಿಯ ಜನ ಮಸಿಯಜ್ಜಿ ಬರುವ ಮೊದಲೇ ಬೇಣಕ್ಕೆ ಓಡಿ ದನಗಳನ್ನು ಅಟ್ಟಿ ತಂದು ಕಟ್ಟತೊಡಗಿದರು. ಸುಬ್ಬಿ ಬಂಡೆ ಹತ್ತುವುದನ್ನೇ ಬಿಟ್ಟಳು. ಚಂದ್ರಿ ಎಲ್ಲಾದರೂ ಕಿವಿಗೊಟ್ಟು ನಿಂತಿದ್ದರೆ, ಈಗ ಅದಕ್ಕೆ ಸಾವಿರ ಮನೆಗಳಿಂದ ಒಮ್ಮೆಗೇ ಕರೆ ಹೋಗುತ್ತಿತ್ತು. ಯಾವ ಮನೆ ತನ್ನದೆಂದು ಅದು ಹೇಗೆ ತಿಳಿಯಬೇಕು? ಕರೆಯಲೆಂದು ಕೊಟ್ಟ ದನಿಯೇ ದಾರಿ ತಪ್ಪಿಸುತ್ತಿದೆಯಲ್ಲ ಎಂಬ ಸಂಕಟ ಅವಳನ್ನು ತಿಂದಿತು.

ಕೃಷ್ಣಪಕ್ಷದ ಚಂದ್ರನಂತೆ ಸಣ್ಣಗಾಗುತ್ತ ಬಂದ, ಚಂದ್ರಿ ಸಿಗುವ ಆಸೆ ಪೂರ್ತಿ ಕರಗುವ ಮೊದಲು ಸುನೀಲನ ಫೋನು ಬಂತು. ಅವನ ಧ್ವನಿಪೆಟ್ಟಿಗೆಗಳನ್ನು ಮದುವೆಮನೆಗಳಿಗೆ ಸಾಗಿಸುವ ಪಿಕಪ್ ಗಾಡಿಯ ಫರಾಜ್ ಒಂದು ಸುದ್ದಿ ಹೇಳಿದ್ದ. ಶಿರಸಿಯ ಹೊರವಲಯದ ಇಸಳೂರಿನಲ್ಲಿ ಅವನ ಹೊಸ ಮನೆ. ಅಲ್ಲಿ ಸಂಜೆಯಾದರೆ ಒಂದು ಎಮ್ಮೆ ಬರುತ್ತದೆ, ಯಾರದೆಂದು ಗೊತ್ತಿಲ್ಲ. ಹಣೆಯ ಮೇಲೆ ಬಿಳಿ ಬೊಟ್ಟು. ಹಿಡಿಯಲು ಹೋದರೆ ಕಾಡಿಗೆ ನುಗ್ಗುತ್ತದೆ. ಅವನ ಅಮ್ಮಿ ರಹಿಮತ್ಬಿ ಹೆದರಿ ಕಿಟಕಿಗೆ ಬೆಡ್‌ಶೀಟು ಕಟ್ಟಿದ್ದಾಳೆ.

ಸುಬ್ಬಿ ಮೊದಲ ಬಸ್ಸು ಹಿಡಿದಳು. ಆ ಅವಸರದಲ್ಲಿ ಕನ್ನಡಕವನ್ನೂ ಮರೆತಳು.

ಇಸಳೂರಿನ ಆ ಬೀದಿಯಲ್ಲಿ ಮನೆಗಳೆಲ್ಲ ಹೊಸವು, ಒಂದರ ಪಕ್ಕ ಒಂದು ಸಾಲಾಗಿ. ಕಂಪೌಂಡು ಇನ್ನೂ ಎದ್ದಿಲ್ಲ. ಹಿಂದೆಯೇ ಕಾಡು. ಮನೆಗಳ ಕಿಟಕಿಗಳ ಕೆಳಗೆ, ಈ ತುದಿಯಿಂದ ಆ ತುದಿಗೆ, ಗೊರಸು ತುಳಿದು ಮಾಡಿದ ಕಾಲುದಾರಿಯೊಂದು ಬಿದ್ದಿತ್ತು. ಗೆರೆ ಎಳೆದಷ್ಟು ನೇರ.

"ಅಕ್ಕಾ, ಬಂದ್ರಾ," ರಹಿಮತ್ಬಿ ಸುಬ್ಬಿಯ ಕೈ ಹಿಡಿದುಕೊಂಡಳು. "ಆ ರೈಲಜ್ಜಿ ಕೂಗೂದು ನೀವೇಯಂತೆ? ನಿಮ್ಮ ಕೂಗಿಗೆ ನನ್ನ ಬಿಪಿ ಏರ್ಯದೆ. ಎಮ್ಮೆ ಬತ್ತದೆ, ನಿಲ್ತದೆ, ಮುಂದಿನ ಮನೆಗೆ ಹೋಗ್ತದೆ. ಸದ್ದಿಲ್ಲ, ಗದ್ದಲಿಲ್ಲ. ಎಮ್ಮೆ ಹೀಂಗೆ ಇರ್ತದ?"

"ಇರೂದಿಲ್ಲ," ಅಂದಳು ಸುಬ್ಬಿ.

ದೀಪ ಹಚ್ಚುವ ಹೊತ್ತಾಯಿತು. ಮನೆಮನೆಯಲ್ಲಿ ಟಿವಿ ಹೊತ್ತಿತು. ಕಾಡಿನ ಅಂಚಿನಲ್ಲಿ ಒಂದು ಕಪ್ಪು ಬೇರ್ಪಟ್ಟು ಈಚೆ ಬಂತು. ಚಂದ್ರಿಯೇ. ಎಲುಬು ಎಣಿಸುವಂತಿತ್ತು. ಹೊಟ್ಟೆ ಜೋತುಬಿದ್ದ ಖಾಲಿ ಚೀಲ, ಕೆಚ್ಚಲು ಒಣಗಿದೆ, ಹಿಂದೆ ಕರುವಿಲ್ಲ. ಈದ ಕರು ಕಾಡಿನಲ್ಲೇ ಹೋಯಿತೆಂದು ಸುಬ್ಬಿ ಒಮ್ಮೆ ನೋಡಿ ಅರಿತುಕೊಂಡಳು. ಕೊರಳಲ್ಲಿ ಹಗ್ಗ ಸವೆದ ಗುರುತಷ್ಟೇ ಇತ್ತು, ಗಂಟೆ ಇರಲಿಲ್ಲ.

ಮೊದಲ ಮನೆಯಿಂದ ಮಸಿಯಜ್ಜಿ ಕೂಗಿದಳು. ಟೊಕ್. ಟೊಕ್ ಟೊಕ್. ಚಂದ್ರಿ ಕಣ್ಣು ಮುಚ್ಚಿತು. ಎರಡನೆಯ ಮನೆಯಿಂದ ಕೂಗು ಬಂತು. ಚಂದ್ರಿ ಆ ಕಿಟಕಿಗೆ ನಡೆಯಿತು. ಮೂರನೆಯದಕ್ಕೆ ಅಲ್ಲಿಂದ ಮುಂದೆ. ಕರಿಯ ದೇಹ, ಮೂಗಿನಿಂದ ಹೊರಟ ಬಿಳಿಯ ಉಸಿರು, ತಾನೇ ತುಳಿದ ಕಿರುದಾರಿಯಲ್ಲಿ ಒಂದು ಗೇಣೂ ಆಚೀಚೆ ಸರಿಯದೆ ಸಾಗುವುದನ್ನು ನೋಡಿ ಫರಾಜ್ ಬಾಯಲ್ಲೇ ಏನೋ ಪ್ರಾರ್ಥಿಸಿದ.

"ಅತ್ತೆ, ಅದು ನಿನ್ನ ಕೂಗಿಗೆ ಬರೂದಲ್ಲ," ಅವಳನ್ನು ಬಸ್ಸಿನಿಂದ ಇಳಿಸಿ ಕರೆತಂದಿದ್ದ ಸುನೀಲ ಪಿಸುಗುಟ್ಟಿದ. "ಅದರ ಗಂಟೆಗೇ ಬರೂದು. ಕೊರಳಲ್ಲಿ ಇಲ್ಲದ ಗಂಟೆ ಟಿವಿಲಿ ಅದೆ. ಹಿಡ್ದು ಇಟ್ಟವ ನಾನೇ."

ಸುಬ್ಬಿ ಅಂಗಳದ ನಡುವೆ ನಿಂತು, ಎಡಗಿವಿ ಮುಚ್ಚಿ, ಕಣ್ಣು ಮುಚ್ಚಿ ಕೂಗಿದಳು. ಪುರಾಣಗಳಲ್ಲಿ ಶೂರರು ತಮ್ಮ ಪ್ರತಿಬಿಂಬದೊಡನೆ ಹೋರಾಡಿದ್ದುಂಟು. ಒಬ್ಬ ಮುದುಕಿ ಇಡೀ ಬೀದಿಯ ತನ್ನದೇ ದನಿಗಳ ಸೇನೆಗೆ ಎದುರು ನಿಂತದ್ದು ಇಸಳೂರಿನಲ್ಲಿ ಮಾತ್ರ. ಬಸ್ಸನ್ನು ಹಿಂದೆ ಸರಿಸಿದ ಕೂಗು, ಸೂರ್ಯನಿಗೆ ಅಪ್ಪಣೆ ಕೊಟ್ಟ ಕೂಗು. ಗಂಟಲಿನ ನರ ಉಬ್ಬಿತು. ಸಾಲಿನ ಮನೆಗಳವರೆಲ್ಲ ಹೊರಗೆ ಬಂದರು. ಚಂದ್ರಿ ತಿರುಗಿಯೂ ನೋಡಲಿಲ್ಲ.

"ಟಿವಿ ಬಂದ್ ಮಾಡಿ!" ಎಂದು ಫರಾಜ್ ಬೀದಿಯುದ್ದಕ್ಕೂ ಓಡಿದ. ಒಂದೊಂದೇ ಕಿಟಕಿ ಕತ್ತಲಾಯಿತು. ಚಂದ್ರಿ ಕೊನೆಯ ಕಿಟಕಿಯೆದುರು ನಿಂತಿತು. ಒಳಗೆ ಕತ್ತಲು, ಹೊರಗೆ ಕತ್ತಲು, ಆದರೂ ಅದರ ಕಿವಿ ಮುಂದಕ್ಕೇ ಚಾಚಿತ್ತು. ಎಲ್ಲರೂ ಉಸಿರು ಹಿಡಿದು ನಿಂತಾಗ, ಆರಿಸಿದ ಟಿವಿಗಳ ಒಳಗಿನಿಂದ ಟೊಕ್ ಎಂದಿತು ಎಂದು ಅಲ್ಲಿದ್ದವರಲ್ಲಿ ಹಲವರು ಈಗಲೂ ಆಣೆ ಮಾಡುತ್ತಾರೆ.

ಸುಬ್ಬಿ ಕೈ ಇಳಿಸಿದಳು. ಮತ್ತೆ ಕೂಗಲಿಲ್ಲ.

"ತಂಗಿ, ಅನ್ನ ಬಸಿದ ಗಂಜಿ ಅದ್ಯಾ?" ಎಂದು ರಹಿಮತ್ಬಿಯನ್ನು ಕೇಳಿದಳು.

"ಗಂಜಿ ಎಲ್ಲಿಂದ ತರ್ಲಿ ಅಕ್ಕಾ, ನಮ್ಮದು ಕುಕ್ಕರ್ ಅನ್ನ!" ರಹಿಮತ್ಬಿ ಗಾಬರಿಯಾದಳು. ಆಮೇಲೆ ಅಡುಗೆಮನೆಗೆ ನುಗ್ಗಿ, ಅಕ್ಕಿ ತೊಳೆದ ನೀರು, ಮಧ್ಯಾಹ್ನದ ಅನ್ನ, ಬಾಳೆಹಣ್ಣಿನ ಸಿಪ್ಪೆ, ಒಂದು ಹಿಡಿ ಉಪ್ಪು ಎಲ್ಲವನ್ನೂ ಬಕೆಟ್ಟಿಗೆ ಸುರಿದು ತಂದಳು. ಸುಬ್ಬಿ ಮೊಣಕೈವರೆಗೆ ಕೈ ಹಾಕಿ ಕಲಸಿ, ಬಕೆಟ್ಟನ್ನು ಎತ್ತಿಕೊಂಡು, ಒಂದು ಮಾತೂ ಆಡದೆ ಎಮ್ಮೆಯ ಹತ್ತಿರ ನಡೆದಳು. ಮೂಗಿನ ಕೆಳಗೆ ಇಟ್ಟಳು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೂಗಿನ ಹೊಳ್ಳೆ ಅರಳಿತು. ತಲೆ ಇಳಿಯಿತು. ಚಂದ್ರಿ ಬಕೆಟ್ಟಿನಲ್ಲಿ ಮುಖ ಮುಳುಗಿಸಿತು.

ಸುಬ್ಬಿ ಅದರ ಕೊರಳು ಬಳಸಿ ನಿಂತು, ಕಿವಿಗೆ ಬಾಯಿ ತಾಗುವಷ್ಟು ಬಗ್ಗಿದಳು. ಹಾಗೆಯೇ ನಿಂತಳು. ತುಟಿ ಅಲುಗುವುದು ದೂರದಿಂದ ಕಾಣುತ್ತಿತ್ತು. ಈ ಕಿವಿ ಮುಗಿಸಿ ಆ ಕಿವಿಗೆ ಹೋದಳು. ಆಗ ತಡೆಯಲಾರದ ಯಾರದೋ ಮನೆಯವರು ಟಿವಿ ಹಾಕಿದರು, ಮಸಿಯಜ್ಜಿ ಗಂಟಲು ಹರಿಯುವಂತೆ ಕೂಗಿದಳು. ಚಂದ್ರಿ ತಲೆಯೆತ್ತಿತು. ಎಮ್ಮೆ ಒಂದು ದೀರ್ಘ ನಿಟ್ಟುಸಿರು ಬಿಟ್ಟು, ಅನ್ನ ಮೆತ್ತಿದ ಗದ್ದವನ್ನು ಸುಬ್ಬಿಯ ಹೆಗಲ ಮೇಲೆ ಇಟ್ಟಿತು.

ಫರಾಜನ ಪಿಕಪ್ಪಿನಲ್ಲಿ ಸುಬ್ಬಿ, ಚಂದ್ರಿ ಇಬ್ಬರೂ ನಂದೊಳ್ಳಿ ತಲುಪುವ ಮೊದಲೇ ಕಥೆ ತಲುಪಿತ್ತು. ಸುಬ್ಬಿ ಕಿವಿಯಲ್ಲಿ ಊದಿದ್ದು ಕಾಡು ಹಿಡಿದದ್ದನ್ನು ಬಿಡಿಸುವ ಮಂತ್ರವಂತೆ; ಊದಿದೊಡನೆ ಎಮ್ಮೆಯ ಮೂಗಿನಿಂದ ಇಂಜಿನಿನ ಹೊಗೆ ಹೊರಬಂದು ಕಾಡಿನತ್ತ ಹೋಯಿತಂತೆ; ಇಸಳೂರಿನ ಟಿವಿಗಳಲ್ಲಿ ಮಸಿಯಜ್ಜಿಯ ಮುಖ ಅರೆಗಳಿಗೆ ಕಣ್ಣೀರು ಹಾಕಿತಂತೆ. ಊರಿಗೆ ಊರೇ ಸುಬ್ಬಿಯ ಅಂಗಳದಲ್ಲಿ ನೆರೆದಿತ್ತು. ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ವೆಂಕಟ್ರಮಣ, ಎಂದೂ ಇಲ್ಲದ ಭಯಭಕ್ತಿಯಿಂದ, ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡು ಮುಂದೆ ಬಂದ.

"ಸುಬ್ಬಕ್ಕಾ, ಸಿಟ್ಟಾಗ್ಬೇಡ. ಅಷ್ಟು ಹೊತ್ತು ಅದರ ಕಿವಿಲಿ ಎಂತ ಹೇಳ್ದೆ?"

"ಹೇಳೂದು ಎಂತದು ಮಾರಾಯಾ," ಅಂದಳು ಸುಬ್ಬಿ ಹಗ್ಗ ಬಿಗಿಯುತ್ತ. "ಕಿವಿ ತುಂಬ ನೆತ್ತರು ಹೀರೂ ಉಣುಗು ಇದ್ದಿತ್ತು. ಕನ್ನಡಕ ಇಲ್ಲದೆ ಕಾಣೂದಿಲ್ಲ, ಹತ್ರ ಹೋಗಿ ನೋಡಿ ನೋಡಿ, ಒಂದೊಂದೇ ಎಣಿಸ್ತಾ ಕಿತ್ತೆ."